ಎಂಜಿನ್ ಬದಲಿಸುವವರು ಬ್ರೇಕ್ ಮರೆಯಬಾರದು

ಮಾನ್ಯ ಸಂಪಾದಕರೇ,

ಪೆಟ್ರೋಲ್ ಕಾರಿಗೆ ಹಳೆಯ ಡೀಸೆಲ್ ಎಂಜಿನ್ ಅಳವಡಿಸುವ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎಂಜಿನ್ನಿನ ಬೋಲ್ಟುಗಳು ಗೇರ್‌ಬಾಕ್ಸಿಗೆ ಹೊಂದಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ ಎಂಬ ಲೇಖಕರ ಮಾತನ್ನು ಒಪ್ಪಲಾರೆ. ಇದೇ ಬದಲಾವಣೆಯನ್ನು ನನ್ನ ಕಾರಿಗೆ ಮಾಡಿಸಿಕೊಂಡು ಪಾಠ ಕಲಿತವನು ನಾನು. ಆ ಲೇಖನ ಪ್ರಸ್ತಾಪಿಸದೆ ಬಿಟ್ಟ ಒಂದು ಸಂಗತಿಯನ್ನು ಓದುಗರ ಗಮನಕ್ಕೆ ತರಲೇಬೇಕೆನ್ನಿಸಿದೆ.

ಎಂಜಿನ್ ಕೂರಿಸುವುದು ಅಸಾಧ್ಯದ ಕೆಲಸವೇನಲ್ಲ. 1976ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಡೀಸೆಲ್ ಕಾರಿನ ಎಂಜಿನ್ನನ್ನು ಅದೇ ಕಂಪನಿಯ ಪೆಟ್ರೋಲ್ ಎಂಜಿನ್ನಿನಿಂದಲೇ ರೂಪಿಸಲಾಗಿತ್ತು. ಅಂಥ ಕಡೆ ಅದಲುಬದಲು ಸುಲಭ. ಅಂದಿನ ಡೀಸೆಲ್ ಎಂಜಿನ್ನುಗಳಿಗೆ ಇಂಧನ ಚಿಮ್ಮಿಸುವ ಇಂಜೆಕ್ಷನ್ ಪಂಪ್ ಯಾಂತ್ರಿಕವಾದುದರಿಂದ ಕಂಪ್ಯೂಟರಿನ ಅಗತ್ಯವಿಲ್ಲ. ತಣ್ಣಗಿರುವ ಎಂಜಿನ್ ಚಾಲೂ ಆಗಲು ನೆರವಾಗುವ ಗ್ಲೋ ಪ್ಲಗ್ಗುಗಳನ್ನು ಕಾಯಿಸಲು ಮತ್ತು ಇಂಧನವನ್ನು ತಡೆದು ಎಂಜಿನ್ ನಿಲ್ಲಿಸುವ ವಾಲ್ವಿಗೆ 12 ವೋಲ್ಟಿನ ವಿದ್ಯುತ್ ಇದ್ದರೆ ಸಾಕು. ನನ್ನನ್ನು ಸೆಳೆದದ್ದೂ ಈ ಸರಳತೆಯೇ.

ಆದರೆ ಪೆಟ್ರೋಲ್ ಎಂಜಿನ್ ಕಾರನ್ನು ಓಡಿಸುವುದರ ಜೊತೆಗೆ ನಿಲ್ಲಿಸುವುದಕ್ಕೂ ನೆರವಾಗುತ್ತಿರುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಗಾಳಿಯ ದಾರಿಯ ಕವಾಟವಾದ ಥ್ರಾಟಲ್ ಮುಚ್ಚಿಕೊಂಡು, ಗಾಳಿ ಒಳಬರಲು ದಾರಿ ಸಾಲದೆ, ಮ್ಯಾನಿಫೋಲ್ಡಿನಲ್ಲಿ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಲ್ಲಿ) ಉಂಟಾಗುವ ನಿರ್ವಾತವೇ, ಪೆಡಲ್ ಮೇಲಿನ ಕಾಲಿನ ಒತ್ತಡವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರಿಗೆ ಬಲ ಕೊಡುತ್ತದೆ. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಥ್ರಾಟಲ್ ಇರುವುದಿಲ್ಲ. ಗಾಳಿ ತಡೆಯಿಲ್ಲದೆ ಒಳಬರುತ್ತದೆ, ವೇಗವನ್ನು ನಿಯಂತ್ರಿಸುವುದು ಇಂಧನದ ಪ್ರಮಾಣ ಮಾತ್ರ. ಹೀಗಾಗಿ ಬೂಸ್ಟರಿಗೆಂದೇ ನಿರ್ವಾತ ಉಂಟುಮಾಡುವ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು. ನನ್ನ ಕಾರಿನಲ್ಲಿ ಅದನ್ನು ಅಳವಡಿಸಿರಲಿಲ್ಲ. ಬೂಸ್ಟರಿನ ಕೊಳವೆಯನ್ನು ಮೊದಲಿನಂತೆಯೇ ಮ್ಯಾನಿಫೋಲ್ಡಿಗೆ ಸಿಕ್ಕಿಸಿದ್ದರು, ನನಗೂ ಕೇಳಬೇಕೆಂದು ಹೊಳೆದಿರಲಿಲ್ಲ. ಮೊದಲ ಓಟದಲ್ಲಿ, ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಎರಡೂ ಕಾಲುಗಳನ್ನು ಊರಿ ತುಳಿದ ಮೇಲೆ ಕಾರು ನಿಂತಿತು. ಎದುರಿಗೆ ಯಾರೂ ಇರಲಿಲ್ಲವೆಂಬುದಷ್ಟೇ ಪುಣ್ಯ. ಹಿಂದಿನ ಸೀಟಿನಲ್ಲಿ ನನ್ನ ಮಗಳು ಕುಳಿತಿದ್ದಳು.

ತೂಕದ ವಿಚಾರವೂ ಇದಕ್ಕೆ ಸೇರಿದ್ದೇ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಸುಮಾರು 9 ಅಥವಾ 10 ಪಟ್ಟು ಒತ್ತಿದರೆ, ಆ ಕಾಲದ ಡೀಸೆಲ್ ಎಂಜಿನ್ 20 ಪಟ್ಟಿಗೂ ಹೆಚ್ಚು ಒತ್ತುತ್ತದೆ. ಆ ಒತ್ತಡವನ್ನು ತಾಳಿಕೊಳ್ಳುವ ಎಂಜಿನ್ ಸಾಮಾನ್ಯವಾಗಿ ಭಾರವಾಗಿರುವುದರಿಂದ ಮುಂದಿನ ಸ್ಪ್ರಿಂಗುಗಳು ಕುಸಿಯುತ್ತವೆ, ಸ್ಟೇರಿಂಗ್ ಬಿಗಿಯಾಗುತ್ತದೆ, ಮತ್ತು ಹಗುರವಾದ ಎಂಜಿನ್ನಿಗೆ ಲೆಕ್ಕಹಾಕಿ ಮಾಡಿದ ಬ್ರೇಕುಗಳು ಹೆಚ್ಚಿನ ಭಾರವನ್ನು ತಡೆಯಬೇಕಾಗುತ್ತದೆ. ಪೆಟ್ರೋಲ್ ಟ್ಯಾಂಕನ್ನೂ ಕೊಳವೆಗಳನ್ನೂ ಪೂರ್ತಿ ಶುಚಿಗೊಳಿಸಬೇಕು. ಇಂಜೆಕ್ಷನ್ ಪಂಪಿಗೆ ಡೀಸೆಲ್ಲೇ ಜಾರೆಣ್ಣೆಯಾದ್ದರಿಂದ ಉಳಿದ ಪೆಟ್ರೋಲ್ ಅದನ್ನು ಸವೆಸುತ್ತದೆ.

ಲೇಖನ ಮೈಲೇಜನ್ನು ಬಹಳ ಹೊಗಳಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ, ಒಂದು ಲೀಟರ್ ಡೀಸೆಲ್ ಉರಿದರೆ 2.6 ಕಿಲೋಗ್ರಾಮಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಲೀಟರಿನ ಲೆಕ್ಕದಲ್ಲಿ ಕಾಣುವಷ್ಟು ಲಾಭ ಪರಿಸರಕ್ಕಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಹೇಳಿದೆ. ಪೆಟ್ರೋಲ್ ಕಾರಿನ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಗೆಯೇ ಉಳಿಸಿಕೊಂಡರೂ, ಆಮ್ಲಜನಕ ಹೆಚ್ಚಿರುವ ಡೀಸೆಲ್ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ಅದು ತಗ್ಗಿಸಲಾರದು. ಇದನ್ನು ತಿಳಿದಿದ್ದರೆ ನಾನು ಈ ಕೆಲಸಕ್ಕೆ ಕೈಹಾಕುತ್ತಲೇ ಇರಲಿಲ್ಲ.

ಆದರೂ ಮಾಡಿಯೇ ತೀರುವವರಿಗೆ ನನ್ನದೊಂದು ವಿನಂತಿಯಿದೆ. ಕಾರನ್ನು ರಸ್ತೆಗೆ ಇಳಿಸುವ ಮುನ್ನ, ಎಂಜಿನ್ ಬಂದಾಗಿರುವಾಗಲೇ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಬಾರಿ ತುಳಿಯಿರಿ; ಕಾಲನ್ನು ಹಾಗೆಯೇ ಒತ್ತಿಹಿಡಿದು ಎಂಜಿನ್ ಚಾಲೂ ಮಾಡಿ. ಬೂಸ್ಟರಿಗೆ ನಿರ್ವಾತ ಸಿಗುತ್ತಿದ್ದರೆ ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಕಾರನ್ನು ನಿಂತಲ್ಲಿಂದ ಕದಲಿಸಬೇಡಿ.

ಇತಿ,
ತಮ್ಮ ಪತ್ರಿಕೆಯ ಓದುಗ