ಬೆಂಕಿ ರೋಗ ಕಂಡಾಗ ಯೂರಿಯಾ ಎರಚಬೇಡಿ

ಮಾನ್ಯ ಸಂಪಾದಕರೇ,

ಭತ್ತಕ್ಕೆ ಬೆಂಕಿ ರೋಗ ಬಿದ್ದ ಸುದ್ದಿಯ ಜೊತೆ ಯಾವ ಔಷಧಿ ಹೊಡೆಯಬೇಕು ಎಂಬುದಷ್ಟೇ ಅಚ್ಚಾಗುತ್ತದೆ. ರೋಗದ ಶಿಲೀಂಧ್ರ ಏನು ತಿಂದು ಬೆಳೆಯುತ್ತದೆ ಎಂಬುದು ಬರುವುದಿಲ್ಲ. ಗರಿ ಸುಟ್ಟಂತೆ ಕಂಡೊಡನೆ ಹಸಿರಾಗಲೆಂದು ಯೂರಿಯಾ ಎರಚುವ ತಪ್ಪು ಹುಟ್ಟುವುದು ಅದರಿಂದಲೇ.

ಪೈರಿಕ್ಯುಲೇರಿಯಾ ಎಂಬ ಈ ಶಿಲೀಂಧ್ರದ ಬೀಜಾಣುವಿಗೆ ಗರಿಯೊಳಗೆ ನುಗ್ಗುವ ತನಕ ಹೊರಗಿನ ಆಹಾರ ಬೇಡ, ಆರದ ಇಬ್ಬನಿ ಸಾಕು. ತನ್ನಲ್ಲಿರುವ ಕೊಬ್ಬು, ಗ್ಲೈಕೋಜೆನ್ ಕರಗಿಸಿ ಗ್ಲಿಸರಾಲ್ ಮಾಡಿಕೊಂಡು, ವಾಯುಭಾರದ ಸುಮಾರು 80 ಪಟ್ಟು ಒತ್ತಡ ಕಟ್ಟಿ ಗರಿಯನ್ನು ತೂತು ಮಾಡುತ್ತದೆ. ಒಳಹೊಕ್ಕ ಮೇಲೆ ಎಲ್ಲವೂ ಪೈರಿನದೇ: ಸಕ್ಕರೆ, ಸಾರಜನಕ, ಜೊತೆಗೆ ತಾನೇ ತಯಾರಿಸಿಕೊಳ್ಳಲಾಗದ ಬಯೋಟಿನ್ ಮತ್ತು ಥಯಾಮಿನ್. ಈ ಎರಡು ವಿಟಮಿನ್ ಭತ್ತದಲ್ಲಿ ಇದ್ದೇ ಇರುತ್ತವೆ, ತಡೆಯಲಾಗದು. ಸಾರಜನಕದ ಅಳತೆ ಮಾತ್ರ ರೈತರ ಕೈಯಲ್ಲಿದೆ. ಯೂರಿಯಾ ಅತಿಯಾದರೆ ಗರಿಯಲ್ಲಿ ಕರಗಿದ ಅಮೈನೋ ಆಮ್ಲ ತುಂಬಿಕೊಳ್ಳುತ್ತದೆ, ಹೊರಪದರಕ್ಕೆ ಗಟ್ಟಿತನ ಕೊಡುವ ಸಿಲಿಕಾ ತಗ್ಗುತ್ತದೆ, ಪೈರು ಒತ್ತಾಗಿ ಇಬ್ಬನಿ ಬೇಗ ಆರುವುದಿಲ್ಲ.

ನೀರಾವರಿ ಗದ್ದೆಗೆ ಎಕರೆಗೆ 40 ಕೆ.ಜಿ. ಸಾರಜನಕದ ಶಿಫಾರಸು ಇದ್ದಲ್ಲಿ, ಅದು 45 ಕೆ.ಜಿ.ಯ ಎರಡು ಚೀಲ ಯೂರಿಯಾಕ್ಕೆ ಹತ್ತಿರ. ಆದರೆ ನಾಟಿಗೆ 50 ಕೆ.ಜಿ. ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಹಾಕಿದ್ದರೆ ಅದರಲ್ಲೇ 9 ಕೆ.ಜಿ. ಸಾರಜನಕ ಬಂದಾಯಿತು. ಯೂರಿಯಾ ಒಂದೂವರೆ ಚೀಲಕ್ಕೆ ಇಳಿಯಬೇಕು. ಬಹಳ ಕಡೆ ಬಿಟ್ಟುಹೋಗುವುದು ಈ ಲೆಕ್ಕವೇ. ಒಟ್ಟು ಸಾರಜನಕದಲ್ಲಿ ಅರ್ಧ ನಾಟಿಗೆ, ಕಾಲು ಭಾಗ ತೆಂಡೆ (ಬುಡದ ಕವಲು) ಒಡೆಯುವಾಗ, ಉಳಿದದ್ದು ಕಾಂಡದೊಳಗೆ ತೆನೆ ಮೂಡುವಾಗ. ನಡುವೆ ಚುಕ್ಕೆ ಕಂಡರೆ ಮುಂದಿನ ಕಂತು ತಡೆಹಿಡಿಯಿರಿ. ಹೊಸ ಗರಿಗಳು ಚುಕ್ಕೆಯಿಲ್ಲದೆ ಬಂದ ಮೇಲೆ ಹಾಕಿ.

ಅದಕ್ಕೂ ಮೊದಲು ಚುಕ್ಕೆ ಯಾವುದೆಂದು ನೋಡಿ. ಬೆಂಕಿ ರೋಗದ್ದು ಎರಡೂ ತುದಿ ಚೂಪಾದ ಕಣ್ಣಿನಾಕಾರ, ನಡುವೆ ಬೂದು ಬಣ್ಣ. ಎಳ್ಳಿನ ಆಕಾರದ ಕಂದು ಚುಕ್ಕೆಗಳಾದರೆ ಅದು ಬೇರೆ ಶಿಲೀಂಧ್ರ. ಅದು ಹೆಚ್ಚುವುದು ಪೋಷಕಾಂಶ ಸಾಲದ ಗದ್ದೆಯಲ್ಲಿ. ಅಲ್ಲಿ ಗೊಬ್ಬರ ನಿಲ್ಲಿಸಿದರೆ ರೋಗ ಇನ್ನೂ ಬಲಿಯುತ್ತದೆ.

ಬೆಂಕಿ ರೋಗಕ್ಕೆ ಹೊಡೆಯುವ ಔಷಧಿ ಟ್ರೈಸೈಕ್ಲಜೋಲ್ (ಶೇ 75ರ ಪುಡಿ, ಲೀಟರ್ ನೀರಿಗೆ 0.6 ಗ್ರಾಂ) ಶಿಲೀಂಧ್ರ ಒತ್ತಡ ಕಟ್ಟುವುದನ್ನು ತಡೆಯುತ್ತದೆಯೇ ಹೊರತು, ಒಳಹೊಕ್ಕು ಉಣ್ಣುತ್ತಿರುವುದನ್ನು ಕೊಲ್ಲುವುದಿಲ್ಲ. ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾದ ಮೇಲೆ ಹೊಡೆದರೆ ಹಣ ದಂಡ. ತೆನೆ ಹೊರಬರಲು ಶುರುವಾದಾಗಲೇ ಸಿಂಪಡಿಸಬೇಕು. ರೋಗದ ಸುದ್ದಿ ಬಂದ ದಿನ ಔಷಧಿಯ ಹೆಸರಿನ ಪಕ್ಕದಲ್ಲಿ ಯೂರಿಯಾ ಲೆಕ್ಕವನ್ನೂ ದಯವಿಟ್ಟು ಅಚ್ಚುಮಾಡಿ.

ಇಂತಿ,
ಸಸ್ಯರೋಗಶಾಸ್ತ್ರದ ಅಧ್ಯಾಪಕರು, ಶಿವಮೊಗ್ಗ