ಅತಿಥಿಯ ಹೆಸರಿನ ನಡುವೆ ‘ಕಾಲು’ (1/4) ಮುದ್ರಿಸುವ ಸಾಫ್ಟ್‌ವೇರ್ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಲಾಡ್ಜ್ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ವಿದೇಶಿ ಹೆಸರುಗಳು ಕೆಡುತ್ತಿರುವುದು

ಮಾನ್ಯರೇ,

ನಾನು ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ ಚಿಕ್ಕ ಲಾಡ್ಜ್ ನಡೆಸುತ್ತೇನೆ. ಎರಡು ವರ್ಷದಿಂದ ನಿಮ್ಮ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಮೇಣಬಸದಿ, ಪಟ್ಟದಕಲ್ಲು, ಐಹೊಳೆ ನೋಡಲು ಬರುವ ಜರ್ಮನಿ, ಫ್ರಾನ್ಸಿನವರು ಚಳಿಗಾಲದಲ್ಲಿ ನಮ್ಮಲ್ಲಿ ಜಾಸ್ತಿ ಉಳಿಯುತ್ತಾರೆ.

ಹೋದ ವಾರ ಜರ್ಮನಿಯ ವಯಸ್ಸಾದ ದಂಪತಿ ಬಂದಿದ್ದರು. ಅವರ ಅಡ್ಡಹೆಸರಿನಲ್ಲಿ ಯು ಅಕ್ಷರದ ತಲೆ ಮೇಲೆ ಎರಡು ಚುಕ್ಕೆ ಇವೆ. ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ನಂಬರ್ ಪ್ಯಾಡ್‌ನಲ್ಲಿ 0252 ಒತ್ತಿದರೆ ಆ ಅಕ್ಷರ ಬರುತ್ತೆ. ಮೇಲಿನ ಸಾಲಿನ ಅಂಕಿಗಳಿಂದ ಬರಲ್ಲ. ಅದಕ್ಕೆಂದೇ ಲ್ಯಾಪ್‌ಟಾಪ್‌ಗೆ ಬೇರೆ ನಂಬರ್ ಪ್ಯಾಡ್ ತಂದು ಹಾಕಿದ್ದೇನೆ. ಆದರೆ ನಿಮ್ಮ ಹೊಸ ಅಪ್‌ಡೇಟ್ ಆದ ಮೇಲೆ ಆಲ್ಟ್ ಜೊತೆ ಸೊನ್ನೆ ಒತ್ತಿದ ಕೂಡಲೇ ರೂಮಿನ ಪಟ್ಟಿ ತೆರೆದುಕೊಳ್ಳುತ್ತೆ. ಅರ್ಧ ತುಂಬಿದ ಫಾರ್ಮ್ ಹೋಗಿಬಿಡುತ್ತೆ.

ಕೊನೆಗೆ ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿ, ಕಾಪಿ ಮಾಡಿ ಹಾಕಿದೆ. ಪರದೆ ಮೇಲೆ ಸರಿಯಾಗೇ ಇತ್ತು. ಬಿಲ್ ಪ್ರಿಂಟ್ ತೆಗೆದರೆ ಆ ಯು ಇದ್ದ ಜಾಗದಲ್ಲಿ ತಲೆ ಮೇಲೆ ಅಲೆಗೀಟಿನ ದೊಡ್ಡ ಎ, ಅದರ ಪಕ್ಕದಲ್ಲಿ ಕಾಲು, ಅಂದರೆ 1/4! ಆ ಹಿರಿಯರು ಕನ್ನಡಕ ಏರಿಸಿ, ಹೆಸರಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಪೆನ್ನಿನಿಂದ ತಿದ್ದಿ, ಸೀಲ್ ಹೊಡೆದು ಕೊಟ್ಟೆ. ಮನೆಗೆ ಬಂದವರ ಹೆಸರನ್ನೇ ಕೆಡಿಸಿದ ಹಾಗಾಯಿತು.

ಫ್ರೆಂಚ್ ಹೆಸರುಗಳದ್ದೂ ಇದೇ ಗೋಳು. ಇ ಅಕ್ಷರದ ಮೇಲೆ ಓರೆಗೀಟು ಇದ್ದರೆ ಬಿಲ್ಲಿನಲ್ಲಿ ಕಾಪಿರೈಟ್ ಗುರುತು ಬಂದು ಕೂರುತ್ತೆ. ಕಂಪ್ಯೂಟರ್ ಅಕ್ಷರಗಳನ್ನು ಅಂಕಿಗಳಾಗಿ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಥ ಒಂದೊಂದು ಅಕ್ಷರವೂ ಎರಡು ಬೈಟ್, ಅಂದರೆ ಎರಡು ತುಣುಕು ಜಾಗ, ಹಿಡಿಯುತ್ತದೆ. ನಿಮ್ಮ ಪ್ರಿಂಟ್ ಭಾಗ ಒಂದೊಂದು ಬೈಟನ್ನೂ ಬೇರೆ ಬೇರೆ ಅಕ್ಷರ ಅಂತ ಓದುತ್ತಿದೆ. ತಪ್ಪು ಅಲ್ಲೇ ಇದೆ, ನನ್ನ ಕೀಬೋರ್ಡ್‌ನಲ್ಲಿ ಅಲ್ಲ.

ನಿಮ್ಮವರಿಗೆ ಮೂರು ಸಲ ಫೋನ್ ಮಾಡಿದೆ. “ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಆ ಅಕ್ಷರ ಇಲ್ಲ ಸರ್, ಸುಮ್ನೆ ಯು ಹಾಕಿ” ಅಂದರು. ಈ ಮಾತಿಗೆ ಬಹಳ ಬೇಜಾರಾಯಿತು. ಈ ಪತ್ರವನ್ನೂ ಅದೇ ಇಂಗ್ಲಿಷ್ ಕೀಬೋರ್ಡ್‌ನಲ್ಲೇ ಟೈಪ್ ಮಾಡಿದ್ದೇನೆ. ಕನ್ನಡ ಟೈಪ್ ಮಾಡಲು ಕೆ.ಪಿ. ರಾವ್ ಅವರು ರೂಪಿಸಿದ ಕೀಬೋರ್ಡ್ ವಿನ್ಯಾಸದಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ನಮ್ಮ ‘ಹಳ್ಳಿ’ಯನ್ನು ‘ಹಲ್ಲಿ’ ಅಂತ ಬರೆದರೆ ಒಪ್ಪುತ್ತೀವಾ? ಅವರಿಗೂ ಚುಕ್ಕೆ ಇರುವ ಯು ಬೇರೆ, ಇಲ್ಲದ್ದು ಬೇರೆ. ಜರ್ಮನ್ ಪಾಸ್‌ಪೋರ್ಟ್‌ನ ಕೆಳಗೆ ಯಂತ್ರ ಓದುವ ಸಾಲುಗಳಲ್ಲೂ ಬರೀ ಯು ಹಾಕಲ್ಲ, ಯು ಪಕ್ಕ ಇ ಸೇರಿಸುತ್ತಾರೆ. ನಿಮ್ಮವರ ಮಾತು ಕೇಳಿದ್ದರೆ ಪಾಸ್‌ಪೋರ್ಟ್‌ನಲ್ಲಿ ಎಲ್ಲೂ ಇಲ್ಲದ ಹೆಸರು ನನ್ನ ರಿಜಿಸ್ಟರಿನಲ್ಲಿ ಇರುತ್ತಿತ್ತು. ವಿದೇಶಿ ಅತಿಥಿಗಳ ವಿವರ 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು. ಹೆಸರು ತಾಳೆಯಾಗದಿದ್ದರೆ ಉತ್ತರ ಕೊಡಬೇಕಾದವನು ನಾನು.

ಮೊದಲು ಬಿಲ್ ಪ್ರಿಂಟ್ ಸರಿಮಾಡಿ. ಆಲ್ಟ್ ಜೊತೆಗಿನ ಅಂಕಿಗಳನ್ನು ನಿಮ್ಮ ಶಾರ್ಟ್‌ಕಟ್‌ಗಳಿಂದ ಬಿಟ್ಟುಕೊಡಿ. ಹೆಸರಿನ ಕಾಲಂ ಪಕ್ಕ ಈ ಅಕ್ಷರಗಳನ್ನು ಆರಿಸಿಕೊಳ್ಳುವ ಒಂದು ಬಟನ್ ಇಟ್ಟರೆ ನಂಬರ್ ಪ್ಯಾಡ್ ಇಲ್ಲದವರಿಗೂ ಅನುಕೂಲ. ಹಳೆಯ ದಾಖಲೆಯಲ್ಲಿ ಕೆಟ್ಟಿರುವ ಹೆಸರುಗಳನ್ನೂ ತಿದ್ದಿಕೊಡಬೇಕು. 15 ದಿನದಲ್ಲಿ ಆಗದಿದ್ದರೆ ಈ ವರ್ಷದ ಉಳಿದ ತಿಂಗಳುಗಳ ಹಣ ವಾಪಸ್ ಕೊಡಿ.

ಕೆಟ್ಟ ಬಿಲ್ಲಿನ ಫೋಟೊ ಲಗತ್ತಿಸಿದ್ದೇನೆ. ಅತಿಥಿಗಳ ವಿಳಾಸ ಮುಚ್ಚಿದ್ದೇನೆ.

ಇಂತಿ,
ಲಾಡ್ಜ್ ಮಾಲೀಕ
ಬಾದಾಮಿ, ಬಾಗಲಕೋಟೆ ಜಿಲ್ಲೆ