ತೆರೆಯಬೇಡಿ ಎಂದು ಬರೆದುಕೊಟ್ಟವನ ಕೃತಜ್ಞತೆ

ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮಕ್ಕಳಿಗಾಗಿ ಮತ್ತೆ ಬಾಗಿಲು ತೆರೆದು 2021ರ ಈ ನವೆಂಬರ್ ತಿಂಗಳಿಗೆ ಒಂದು ವರ್ಷವಾಯಿತು. ಕಳೆದ ಅಕ್ಟೋಬರ್ 25ರಿಂದ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳೂ ಶಾಲೆಗೆ ಹೋಗುತ್ತಿದ್ದಾರೆ. ಈ ತಿಂಗಳು ಅಂಗನವಾಡಿಯೂ ಶುರುವಾಗಿದೆ. ಕೊರೊನಾದಿಂದಾಗಿ 2020ರ ಮಾರ್ಚ್‌ನಲ್ಲಿ ಒಂದೊಂದಾಗಿ ಮುಚ್ಚಿಕೊಂಡ ಊರಿನ ಬಾಗಿಲುಗಳಲ್ಲಿ ಕೊನೆಯದೂ ತೆರೆದಂತಾಯಿತು. ಈ ಹೊತ್ತಿನಲ್ಲಿ ಪಂಚಾಯಿತಿಯವರಿಗೆ ಊರಿನ ಪರವಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಪೋಷಕರು ನನ್ನನ್ನು ಕೇಳಿಕೊಂಡರು. ನಿವೃತ್ತ ಮೇಷ್ಟ್ರಿಗೆ ಬರೆಯುವ ಕೆಲಸ ಬರುವುದು ಸಹಜ. ಆದರೆ ಕೇಳಿಕೊಂಡವರಲ್ಲಿ ಬಹುಮಂದಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಕಳೆದ ವರ್ಷ ಇದೇ ಗ್ರಂಥಾಲಯವನ್ನು ತೆರೆಯಬಾರದೆಂದು ಪಂಚಾಯಿತಿಗೆ ಸಹಿ ಹಾಕಿ ಅರ್ಜಿ ಕೊಟ್ಟವನು ನಾನೇ. ಅದನ್ನು ಮುಚ್ಚಿಟ್ಟು ಕೃತಜ್ಞತೆ ಹೇಳುವುದು ಸರಿಯಲ್ಲವೆನಿಸಿದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಅರ್ಜಿ ಕೊಟ್ಟದ್ದಕ್ಕೆ ಕಾರಣವಿತ್ತು. 2020ರ ಅಕ್ಟೋಬರ್ ಮೊದಲ ವಾರದಲ್ಲಿ ರಾಜ್ಯದಲ್ಲಿ ದಿನವೊಂದಕ್ಕೆ ಹತ್ತು ಸಾವಿರದ ಆಸುಪಾಸು ಜನರಿಗೆ ಸೋಂಕು ತಗಲುತ್ತಿತ್ತು. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಮರದ ನೆರಳು, ದೇವಸ್ಥಾನದ ಜಗಲಿಗಳಲ್ಲಿ ಮಕ್ಕಳನ್ನು ಕೂರಿಸಿ ನಡೆಸುತ್ತಿದ್ದ ವಿದ್ಯಾಗಮ ಕಾರ್ಯಕ್ರಮವನ್ನೂ ಅದೇ ತಿಂಗಳಲ್ಲಿ, ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಬಂದ ಮೇಲೆ ನಿಲ್ಲಿಸಲಾಯಿತು. ನನ್ನ ಹೆಂಡತಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಮೂತ್ರಪಿಂಡವೂ ಅಷ್ಟಕ್ಕಷ್ಟೆ. ಮಗ ಬೆಂಗಳೂರಿನಿಂದ ಸಂಸಾರ ಸಮೇತ ಊರಿಗೆ ಬಂದಿದ್ದ, ಮನೆಯಲ್ಲಿ ಆರು ವರ್ಷದ ಮೊಮ್ಮಗಳಿದ್ದಳು. ಹೀಗಿರುವಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭಿಸಿದ್ದು, ಆರರಿಂದ ಹದಿನೆಂಟು ವರ್ಷದ ಮಕ್ಕಳನ್ನೆಲ್ಲ ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳುತ್ತದೆ ಎಂಬ ಸುದ್ದಿ ಬಂತು. ವಿದ್ಯಾಗಮವನ್ನೇ ನಿಲ್ಲಿಸಿದ ಮೇಲೆ ಹಂಚಿನ ಮಾಡಿನ ಒಂದೂವರೆ ಅಂಕಣದ ಕೋಣೆಗೆ ಮಕ್ಕಳನ್ನು ಕರೆಯುವುದು ಯಾವ ಬುದ್ಧಿವಂತಿಕೆ ಎಂದು ನನಗೆ ಸಿಟ್ಟೇ ಬಂತು. ಎರಡು ಪುಟದ ಅರ್ಜಿ ಬರೆದೆ. ಕಿಟಕಿಗಳಿಗೆ ಮೊಳೆ ಹೊಡೆದಿರುವುದು, ಕೈತೊಳೆಯಲು ನೀರಿಲ್ಲದಿರುವುದು, ಒಬ್ಬರು ಮುಟ್ಟಿದ ಪುಸ್ತಕವನ್ನು ಇನ್ನೊಬ್ಬರು ಮುಟ್ಟುವುದು, ಒಂದೇ ಮೇಜಿನ ಸುತ್ತ ಮಕ್ಕಳು ಒತ್ತಿಕೊಂಡು ಕೂರುವುದು, ಹೀಗೆ ಕಂಡ ಅಪಾಯಗಳನ್ನೆಲ್ಲ ಪಟ್ಟಿ ಮಾಡಿ, ‘ಗಾಳಿ ಆಡದ ಕಡೆ ಮಕ್ಕಳನ್ನು ಕೂರಿಸುವುದು ಅಕ್ಷಮ್ಯ’ ಎಂದು ಮುಗಿಸಿದ್ದೆ. ಮೇಷ್ಟ್ರ ಭಾಷೆ ಸ್ವಲ್ಪ ಜೋರಾಗಿಯೇ ಇತ್ತು.

ಆಗ ಪಂಚಾಯಿತಿಯ ಸ್ಥಿತಿ ಹೇಗಿತ್ತೆಂಬುದನ್ನು ಇಲ್ಲಿ ನೆನಪಿಸಬೇಕು. ಸದಸ್ಯರ ಅವಧಿ ಆ ವರ್ಷದ ಮಧ್ಯದಲ್ಲೇ ಮುಗಿದಿತ್ತು. ರಾಜ್ಯದಲ್ಲಿ ಪಂಚಾಯಿತಿ ಚುನಾವಣೆ ಎರಡು ಹಂತಗಳಲ್ಲಿ ನಡೆದದ್ದು ಡಿಸೆಂಬರ್ 22 ಮತ್ತು 27ರಂದು. ನಡುವಿನ ತಿಂಗಳುಗಳಲ್ಲಿ ಅಧ್ಯಕ್ಷರಿಲ್ಲ, ಸದಸ್ಯರಿಲ್ಲ, ತಾಲ್ಲೂಕಿನಿಂದ ಬಂದು ಹೋಗುವ ಒಬ್ಬರು ಆಡಳಿತಾಧಿಕಾರಿ. ಉಳಿದದ್ದೆಲ್ಲ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ, ಕರ ವಸೂಲಿಗಾರರ, ಡಾಟಾ ಎಂಟ್ರಿ ಆಪರೇಟರ್ ಹುಡುಗಿಯ, ನೀರುಗಂಟಿಗಳ ಮತ್ತು ಚರಂಡಿ ಎತ್ತುವ ಇಬ್ಬರು ಪೌರಕಾರ್ಮಿಕರ ತಲೆಯ ಮೇಲೆ. ಬೆಂಗಳೂರಿನಿಂದ ಬಂದವರ ಪಟ್ಟಿ ಮಾಡಿದವರು ಅವರೇ. ಅವರ ಮನೆಯ ಮುಂದೆ ಕ್ವಾರಂಟೈನ್ ಚೀಟಿ ಅಂಟಿಸಿ ಬೈಸಿಕೊಂಡವರೂ ಅವರೇ. ನನ್ನ ಮಗನ ಹೆಸರನ್ನು ಬರೆದುಕೊಳ್ಳಲು ಬಂದ ಕರ ವಸೂಲಿಗಾರರನ್ನು ನಾನು ಗೇಟಿನ ಆಚೆಯೇ ನಿಲ್ಲಿಸಿ ಮಾತಾಡಿಸಿದ್ದೆ. ನಲವತ್ತು ವರ್ಷದ ಪರಿಚಯದಲ್ಲಿ ಅದೊಂದು ದಿನ ಅವರಿಗೆ ಕುಡಿಯಲು ನೀರನ್ನೂ ಕೇಳಲಿಲ್ಲ.

ಊರಿನಲ್ಲಿ ಯಾವ ಸೇವೆ ಯಾವಾಗ ಮತ್ತೆ ಶುರುವಾಯಿತೆಂದು ಕೇಳಿದರೆ ನಮಗೆ ಸರಿಯಾಗಿ ಹೇಳಲು ಬರುವುದಿಲ್ಲ, ಏಕೆಂದರೆ ಕೆಲವು ನಿಲ್ಲಲೇ ಇಲ್ಲ. ಕುಡಿಯುವ ನೀರು ಒಂದು ದಿನವೂ ತಪ್ಪಲಿಲ್ಲ. ಶುದ್ಧ ನೀರಿನ ಘಟಕದ ಮುಂದೆ ಸುಣ್ಣದ ವೃತ್ತ ಹಾಕಿ, ಒಂದೊಂದು ವೃತ್ತದಲ್ಲಿ ಒಂದೊಂದು ಕ್ಯಾನು ಇಡಿಸಿ, ಜನರನ್ನು ಎದುರಿನ ಹೊಂಗೆಯ ಮರದ ಕೆಳಗೆ ನಿಲ್ಲಿಸುತ್ತಿದ್ದ ನೀರುಗಂಟಿಯ ಉಪಾಯ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಸಾಲಿನಲ್ಲಿ ನಿಲ್ಲುವುದು ಕ್ಯಾನು, ಮನುಷ್ಯರಲ್ಲ ಎಂಬ ಅವರ ಮಾತು ಊರಿನಲ್ಲಿ ಗಾದೆಯಂತೆ ಓಡಾಡಿತು. ಉದ್ಯೋಗ ಖಾತರಿಯ ಕೆಲಸವೂ ಬೇಗ ಶುರುವಾಯಿತು. ಆ ವರ್ಷ ಕೂಲಿ ದಿನಕ್ಕೆ 275 ರೂಪಾಯಿಗೆ ಏರಿತ್ತು. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡು ಬಂದ ಹುಡುಗರು, ಒಮ್ಮೆಯೂ ಗುದ್ದಲಿ ಹಿಡಿಯದವರು, ಕೆಲಸ ಕೇಳುವ ಅರ್ಜಿಯಾದ ನಮೂನೆ 6 ತುಂಬಿಸಿ ಕೆರೆಯ ಹೂಳೆತ್ತಲು ಹೋದರು. ಜಾಬ್ ಕಾರ್ಡ್‌ಗಾಗಿ ಬಂದವರನ್ನು ಕಚೇರಿಯೊಳಗೆ ಬಿಡದೆ, ಕಿಟಕಿಯ ಸರಳಿನ ಮೂಲಕವೇ ಕಾಗದ ತೆಗೆದುಕೊಂಡು, ಸಂಜೆಯೊಳಗೆ ಫೋನ್ ಮಾಡಿ ತಿಳಿಸುತ್ತಿದ್ದ ಆ ಆಪರೇಟರ್ ಹುಡುಗಿಗೆ ಈ ಊರಿನ ಕನಿಷ್ಠ ಅರವತ್ತು ಮನೆಗಳು ಋಣಿ. 2020ರ ಮೇ 19ರಂದು ಸಾರಿಗೆ ಬಸ್ಸುಗಳು ಮತ್ತೆ ಓಡಿದವೆಂದು ಪತ್ರಿಕೆಯಲ್ಲಿ ಬಂದರೂ ನಮ್ಮೂರಿಗೆ ಬರುವ ಬಸ್ಸು ಬರಲು ಬಹಳ ಕಾಲ ಹಿಡಿಯಿತು. ಆ ವಿಷಯದಲ್ಲಿ ನನ್ನ ದೂರು ಹಾಗೆಯೇ ಇದೆ.

ಆದರೆ ಈ ಬರಹದ ವಿಷಯ ಗ್ರಂಥಾಲಯ. ನನ್ನ ಅರ್ಜಿ ಕೊಟ್ಟ ಮೇಲೂ ಅದು ತೆರೆಯಿತು. ಉತ್ತರ ಬರಲಿಲ್ಲವಲ್ಲ ಎಂಬ ಮುನಿಸಿನಲ್ಲಿ ನಾನು ಆ ಬೀದಿಯಲ್ಲೇ ಓಡಾಡಲಿಲ್ಲ. ಮೊಮ್ಮಗಳು ಹೋಗಬೇಕೆಂದು ಹಟ ಹಿಡಿದಾಗ, ಡಿಸೆಂಬರ್ ಎರಡನೆಯ ವಾರದ ಒಂದು ಸಂಜೆ, ದೂರದಿಂದ ನೋಡಿಕೊಂಡು ಬರೋಣವೆಂದು ಒಬ್ಬನೇ ಹೋದೆ.

ಮೊದಲು ಕಂಡದ್ದು ಕಿಟಕಿ. ಎಷ್ಟೋ ವರ್ಷಗಳಿಂದ ಮೊಳೆ ಹೊಡೆದು ಬಿಗಿದಿದ್ದ ಎರಡೂ ಕಿಟಕಿಗಳ ಬಾಗಿಲುಗಳನ್ನು ಬಿಚ್ಚಿ, ತುಕ್ಕು ಹಿಡಿದ ಕೀಲು ಬದಲಿಸಿ, ಕೊಕ್ಕೆ ಹಾಕಿ ತೆರೆದಿಟ್ಟಿದ್ದರು. ಒಳಗಿದ್ದ ಮೇಜನ್ನು ಹೊರಗಿನ ಜಗಲಿಗೆ ತಂದಿದ್ದರು. ಜಗಲಿಯ ಮೇಲೆ ಚಾಪೆ, ಚಾಪೆಗೆ ಮೂರೇ ಮಕ್ಕಳು. ಒಟ್ಟು ಹನ್ನೆರಡು ಮಕ್ಕಳಿಗಿಂತ ಹೆಚ್ಚಿಲ್ಲ. ಮೆಟ್ಟಿಲ ಪಕ್ಕದಲ್ಲಿ ಇಟ್ಟಿಗೆಯ ಮೇಲೆ ನಲ್ಲಿ ಕೂರಿಸಿದ ಡ್ರಮ್ಮು, ದಾರದಲ್ಲಿ ಕಟ್ಟಿದ ಸಾಬೂನು. ಒಳಗೆ ಗೋಡೆಗೆ ಒರಗಿಸಿ ಆರು ರಟ್ಟಿನ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಒಂದೊಂದರ ಮೇಲೆ ಒಂದೊಂದು ವಾರದ ಹೆಸರು ಬರೆದಿದ್ದರು. ಏನೆಂದು ಕೇಳಿದ್ದಕ್ಕೆ ಮಕ್ಕಳೆಲ್ಲ ‘ಲೈಬ್ರರಿ ಅಕ್ಕ’ ಎಂದು ಕರೆಯುವ ಮೇಲ್ವಿಚಾರಕಿ, “ವಾಪಸ್ ಬಂದ ಪುಸ್ತಕ ಆಯಾ ದಿನದ ಡಬ್ಬಕ್ಕೆ ಹಾಕ್ತೀನಿ ಮೇಷ್ಟ್ರೇ. ಮೂರು ದಿನ ಯಾರೂ ಮುಟ್ಟಂಗಿಲ್ಲ. ಆಮೇಲೆ ಬಿಸಿಲಿಗೆ ಹಾಕಿ ಎತ್ತಿಡೋದು” ಎಂದರು. ಬಾಗಿಲ ಪಕ್ಕದಲ್ಲಿ ಅವರ ಕೈಬರಹದ ನಿಯಮಗಳ ಹಾಳೆ ಅಂಟಿಸಿತ್ತು. ಓದುತ್ತಾ ಹೋದಂತೆ ಅದು ಎಲ್ಲೋ ಓದಿದ್ದಂತಿದೆಯಲ್ಲ ಎನಿಸಿತು. ಕೊನೆಯ ನಿಯಮ: ‘ಗಾಳಿ ಆಡದ ಕಡೆ ಕೂರಬಾರದು.’ ನನ್ನ ಅರ್ಜಿಯ ಆಕ್ಷೇಪಗಳು ಒಂದೂ ಬಿಡದಂತೆ, ನಾನು ಬರೆದ ಕ್ರಮದಲ್ಲೇ, ಅಲ್ಲಿ ನಿಯಮಗಳಾಗಿ ನಿಂತಿದ್ದವು. ‘ಅಕ್ಷಮ್ಯ’ ಎಂಬ ಪದವೊಂದನ್ನು ಮಾತ್ರ ಕೈಬಿಟ್ಟಿದ್ದರು.

ನಾನು ಕೊಟ್ಟದ್ದು ಬಾಗಿಲು ಮುಚ್ಚಿಡಲು ಕಾರಣಗಳ ಪಟ್ಟಿ. ಅವರು ಅದನ್ನು ಬಾಗಿಲು ತೆರೆಯುವ ಮೊದಲು ಮಾಡಬೇಕಾದ ಕೆಲಸಗಳ ಪಟ್ಟಿಯೆಂದು ಓದಿಕೊಂಡಿದ್ದರು. ಆ ಸಂಜೆ ನಾನು ಏನೂ ಹೇಳದೆ ಮನೆಗೆ ಬಂದೆ. ಮರುದಿನ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಸದಸ್ಯತ್ವದ ಅರ್ಜಿ ತುಂಬಿಸಿದೆ.

ಆ ಹುಡುಗಿಯ ವಿಷಯ ಸ್ವಲ್ಪ ಹೇಳಬೇಕು. ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಒಂದನೆಯ ತರಗತಿಗೆ ಹೆಸರಷ್ಟೇ ಇತ್ತು. ಫೋನಿನಲ್ಲಿ ಪಾಠ, ಹಿತ್ತಲಿನ ತೆಂಗಿನ ಮರದ ಬುಡದಲ್ಲಿ ನಿಂತರೆ ಮಾತ್ರ ಸಿಗ್ನಲ್. ಅತ್ತ ಟೀಚರ್ ಮುಖ ಅರ್ಧಕ್ಕೇ ನಿಂತುಹೋದರೆ ಇವಳು ಇರುವೆ ಸಾಲನ್ನು ನೋಡುತ್ತಾ ಕೂರುತ್ತಿದ್ದಳು. ಶುಲ್ಕದ ಸಂದೇಶ ಮಾತ್ರ ಯಾವ ತಿಂಗಳೂ ತಡವಾಗಿ ಬರಲಿಲ್ಲ. ಅಂಥ ಮಗು ಜಗಲಿಯ ಚಾಪೆಯ ಮೇಲೆ ಒಂಬತ್ತು ವರ್ಷದ ಇನ್ನೊಂದು ಹುಡುಗಿಯ ಪಕ್ಕದಲ್ಲಿ ಕುಳಿತು ಓದಲು ಕಲಿತಳು. ಒತ್ತಕ್ಷರ ಬಂದಾಗ ನಿಲ್ಲುವುದು, ದೊಡ್ಡವಳು ಬೆರಳಿನಲ್ಲಿ ಕೆಳಗಿನ ಅಕ್ಷರವನ್ನು ಮುಚ್ಚಿ ಮೊದಲು ಮೇಲಿನದ್ದನ್ನು ಓದಿಸುವುದು, ಆಮೇಲೆ ಬೆರಳು ತೆಗೆಯುವುದು. ಮೂವತ್ತಾರು ವರ್ಷ ಪಾಠ ಮಾಡಿದ ನನಗೆ ಈ ಉಪಾಯ ಹೊಳೆದಿರಲಿಲ್ಲ. ಜನವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ನಾನು ಪತ್ರಿಕೆ ಹಿಡಿದು ಕುಳಿತಿದ್ದಾಗ ಎದುರಿನಿಂದ ಕಾಣುತ್ತಿದ್ದ ಹೊರಪುಟವನ್ನು ನೋಡಿ ಅವಳು “ತಾತಾ, ಕೊ-ಬ್ಬ-ರಿ ಧಾ-ರ-ಣೆ” ಎಂದು ಓದಿದಳು. ತಿಪಟೂರಿನ ಮಾರುಕಟ್ಟೆಯ ಧಾರಣೆಯನ್ನು ಅಷ್ಟು ಸಂತೋಷದಿಂದ ನಾನು ಹಿಂದೆ ಕೇಳಿದ್ದಿಲ್ಲ.

ವಿದ್ಯಾಗಮ ನಿಂತ ಅಕ್ಟೋಬರ್‌ನಿಂದ, ಶಾಲಾ ಆವರಣದಲ್ಲಿ ಅದು ಮತ್ತೆ ಶುರುವಾದ 2021ರ ಜನವರಿ 1ರವರೆಗೆ ಊರಿನ ಮಕ್ಕಳಿಗೆ ಕನ್ನಡ ಅಕ್ಷರ ಕಣ್ಣಿಗೆ ಬೀಳುತ್ತಿದ್ದ ಸಾರ್ವಜನಿಕ ಸ್ಥಳ ಗ್ರಂಥಾಲಯವೊಂದೇ. ಜನವರಿಯಲ್ಲೂ ವಿದ್ಯಾಗಮ ಆರಂಭವಾದದ್ದು ಆರನೆಯ ತರಗತಿಯಿಂದ ಮೇಲಿನವರಿಗೆ. ಚಿಕ್ಕ ಮಕ್ಕಳು ಮತ್ತೂ ಹತ್ತು ತಿಂಗಳು ಕಾಯಬೇಕಾಯಿತು. ಆ ಹತ್ತು ತಿಂಗಳು ಆ ಜಗಲಿ ಇರದಿದ್ದರೆ ಏನಾಗುತ್ತಿತ್ತೆಂದು ನಾನು ಊಹಿಸಬಲ್ಲೆ, ಏಕೆಂದರೆ ಪಕ್ಕದ ಊರುಗಳಲ್ಲಿ ಮೂರನೆಯ ತರಗತಿಯ ಮಕ್ಕಳು ಈಗ ಕಾಗುಣಿತದಿಂದ ಶುರು ಮಾಡುತ್ತಿದ್ದಾರೆಂದು ಅಲ್ಲಿನ ಶಿಕ್ಷಕರು ಹೇಳುತ್ತಾರೆ.

ಎರಡನೆಯ ಅಲೆ ಬಂದಾಗ, ಏಪ್ರಿಲ್ 27ರ ರಾತ್ರಿಯಿಂದ, ಎಲ್ಲವೂ ಮತ್ತೆ ಮುಚ್ಚಿತು. ಈ ಬಾರಿ ಸಾವು ದೂರದ ಸುದ್ದಿಯಾಗಿರಲಿಲ್ಲ. ನಮ್ಮ ಬೀದಿಗೂ ಬಂತು. ಲೈಬ್ರರಿ ಅಕ್ಕನನ್ನು ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆ ಸಮೀಕ್ಷೆಗೆ ಹಾಕಿದ್ದರು. ಕೈಯಲ್ಲಿ ಆಮ್ಲಜನಕದ ಪ್ರಮಾಣ ನೋಡುವ ಪುಟ್ಟ ಯಂತ್ರ, ಹೆಗಲಲ್ಲಿ ಚೀಲ. ನನ್ನ ಹೆಂಡತಿಯ ಬೆರಳಿಗೆ ಅದನ್ನು ಸಿಕ್ಕಿಸಿ 91 ಎಂದು ತೋರಿಸಿದಾಗ, ಮತ್ತೊಮ್ಮೆ ನೋಡಿ, ಇನ್ನೊಂದು ಬೆರಳಿಗೂ ಹಾಕಿ ನೋಡಿ, ಜಗಲಿಯಲ್ಲಿ ನಿಂತೇ ಪಿಡಿಒ ಅವರಿಗೆ ಫೋನ್ ಮಾಡಿದವರು ಅವರು. ಅರ್ಧ ಗಂಟೆಯಲ್ಲಿ ವಾಹನ ಬಂತು. ಹನ್ನೊಂದು ದಿನಗಳ ನಂತರ ನನ್ನ ಹೆಂಡತಿ ನಡೆದುಕೊಂಡೇ ಮನೆಗೆ ಬಂದಳು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಜೂನ್ ಮಧ್ಯದಿಂದ ನಿರ್ಬಂಧಗಳು ಸಡಿಲವಾಗಿ, ಜುಲೈನಲ್ಲಿ ಗ್ರಂಥಾಲಯ ಎರಡನೆಯ ಸಲ ತೆರೆದಾಗ ಯಾರೂ ಅರ್ಜಿ ಬರೆಯಲಿಲ್ಲ. ಪೆಟ್ಟಿಗೆಗಳು ಇದ್ದವು, ಡ್ರಮ್ಮು ಇತ್ತು, ನಿಯಮದ ಹಾಳೆಯ ಅಂಚು ಮಳೆಗೆ ನೆನೆದು ಸುಕ್ಕಾಗಿತ್ತು. ಡಿಸೆಂಬರ್‌ನಲ್ಲಿ ಆಯ್ಕೆಯಾಗಿ ಬಂದ ಹೊಸ ಸದಸ್ಯರು ಜಗಲಿಗೆ ಶೀಟು ಹಾಕಿಸಿದ್ದು ಆಮೇಲೆ. ಅವರಿಗೂ ಧನ್ಯವಾದ ಸಲ್ಲಬೇಕು. ಆದರೆ ಮೊದಲ ಮೊಳೆ ಕಿತ್ತದ್ದು ಸದಸ್ಯರಿಲ್ಲದ ಕಾಲದಲ್ಲಿ ಎಂಬುದನ್ನು ಅವರೂ ಒಪ್ಪುತ್ತಾರೆ. ಕಿಟಕಿ ಸರಿಮಾಡಿದ ಬಡಗಿ ಕೂಲಿ ತೆಗೆದುಕೊಳ್ಳದೆ, ತಮ್ಮ ಮಗನಿಗೆ ಒಂದು ಸಲಕ್ಕೆ ಎರಡು ಪುಸ್ತಕ ಕೊಡಬೇಕೆಂದು ಕೇಳಿದರಂತೆ. ನಿಯಮದಲ್ಲಿ ಒಂದೇ ಎಂದಿದ್ದರೂ ಕೊಡುತ್ತಿದ್ದಾರೆ, ಅದರ ಬಗ್ಗೆ ನನ್ನ ಆಕ್ಷೇಪವಿಲ್ಲ.

ಗ್ರಂಥಾಲಯ ಯಾರ ದಾನವೂ ಅಲ್ಲ ಎಂಬುದು ನನಗೆ ತಿಳಿದಿದೆ. ನಾವು ಕಟ್ಟುವ ಮನೆ ಕಂದಾಯದ ಮೇಲೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವಿದೆ; ರಸೀದಿಯಲ್ಲಿ ಆ ಸಾಲನ್ನು ನಾವು ಓದುವುದಿಲ್ಲ, ಅಷ್ಟೆ. ಸಂಬಳಕ್ಕಾಗಿ ಮಾಡಿದ ಕೆಲಸಕ್ಕೆ ಕೃತಜ್ಞತೆ ಏಕೆ ಎಂದು ಕೇಳುವವರೂ ಇದ್ದಾರೆ. ಗೌರವಧನದ ಮೇಲೆ ದುಡಿಯುವ ಲೈಬ್ರರಿ ಅಕ್ಕನ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳುವ ಮೊದಲು ಆಕೆಗೆ ತಿಂಗಳಿಗೆ ಬರುವುದೆಷ್ಟೆಂದು ವಿಚಾರಿಸಿಕೊಂಡು ಬರಲಿ. ಪುಸ್ತಕವನ್ನು ಮೂರು ದಿನ ಡಬ್ಬದಲ್ಲಿಡಿ ಎಂದು ಆದೇಶಿಸಬಹುದು. ನಾಲ್ಕನೆಯ ದಿನ ಅದನ್ನು ಬಿಸಿಲಿಗೆ ಹರವಿ, ಮೋಡ ಕವಿದ ಕೂಡಲೇ ಓಡಿಬಂದು ಎತ್ತಿಡಿ ಎಂದು ಯಾವ ಆದೇಶದಲ್ಲೂ ಬರೆಯಲಾಗುವುದಿಲ್ಲ.

ಯಾರ ಹೆಸರನ್ನೂ ಹಾಕಬಾರದೆಂದು ಅವರೇ ಕೇಳಿಕೊಂಡಿರುವುದರಿಂದ ಹಾಕಿಲ್ಲ. ಊರಿನವರಿಗೆ ಎಲ್ಲರೂ ಗೊತ್ತು. ಪಿಡಿಒ ಅವರಿಗೆ, ಲೈಬ್ರರಿ ಅಕ್ಕನಿಗೆ, ನೀರುಗಂಟಿಗಳಿಗೆ, ಕರ ವಸೂಲಿಗಾರರಿಗೆ, ಕಿಟಕಿಯ ಹಿಂದಿನ ಆಪರೇಟರ್ ಹುಡುಗಿಗೆ, ಇಬ್ಬರು ಪೌರಕಾರ್ಮಿಕರಿಗೆ, ಆಶಾ ಕಾರ್ಯಕರ್ತೆಯರಿಗೆ ಮತ್ತು ಬಡಗಿಗೆ ಪೋಷಕರೆಲ್ಲರ ಪರವಾಗಿ, ಅದಕ್ಕಿಂತ ಮುಖ್ಯವಾಗಿ ನನ್ನ ಪರವಾಗಿ, ಕೃತಜ್ಞತೆಗಳು. ಕರ ವಸೂಲಿಗಾರರು ಈ ವಾರ ನಮ್ಮ ಮನೆಗೆ ಊಟಕ್ಕೆ ಬರಬೇಕೆಂದು ಇಲ್ಲಿಯೇ ಕರೆಯುತ್ತಿದ್ದೇನೆ. ಈ ನವೆಂಬರ್ ಮಳೆಗೆ ಹೊಲದಲ್ಲೇ ಮೊಳಕೆಯೊಡೆದ ರಾಗಿಯ ಮುದ್ದೆ ಬಡಿಸುವುದಿಲ್ಲ, ಹಳೆಯ ರಾಗಿ ಇದೆ.

ಹೋದ ವಾರ ಪಂಚಾಯಿತಿ ಕಚೇರಿಗೆ ಹೋಗಿ, ಆ ಹಳೆಯ ಅರ್ಜಿಯನ್ನು ವಾಪಸ್ ಕೊಡಲಾದೀತೇ ಎಂದು ಪಿಡಿಒ ಅವರನ್ನು ಕೇಳಿದೆ. ಅವರು ಕಡತ ತೆಗೆದು ತೋರಿಸಿದರು. ಎರಡು ಪುಟದಲ್ಲೂ ಅಂಚಿನಲ್ಲಿ ಪೆನ್ಸಿಲಿನ ಗುರುತುಗಳು: ಕಿಟಕಿಯ ಸಾಲಿಗೆ ಒಂದು ಸರಿ ಗುರುತು, ನೀರಿನ ಸಾಲಿಗೆ ಒಂದು, ಪುಸ್ತಕದ ಸಾಲಿಗೆ ಒಂದು. “ಇನ್‌ವರ್ಡ್ ಆಗಿದೆ ಮೇಷ್ಟ್ರೇ, ವಾಪಸ್ ಕೊಡಕ್ಕೆ ಬರಲ್ಲ. ಬೇಕಾದ್ರೆ ಇನ್ನೊಂದು ಬರೆದುಕೊಡಿ, ಇದರ ಮೇಲೆ ಇಟ್ಟು ಟ್ಯಾಗ್ ಹಾಕ್ತೀನಿ” ಎಂದರು. ಈ ಬರಹದ ಒಂದು ಪ್ರತಿಗೆ ಸಹಿ ಹಾಕಿ ನಾಳೆ ಅವರಿಗೆ ತಲುಪಿಸುತ್ತಿದ್ದೇನೆ.